ದನಕ್ಕೆ ಚುಚ್ಚಿದ ಸೂಜಿ, ರಣಹದ್ದಿನ ಪ್ರಾಣ

ನಾನು ಪಶುವೈದ್ಯೆ. ಹಸು, ಎಮ್ಮೆ, ಕುರಿ, ಮೇಕೆ, ಕೋಳಿ ನನ್ನ ದಿನನಿತ್ಯದ ರೋಗಿಗಳು. ಕಾಡಿಗೂ ನನ್ನ ಕೆಲಸಕ್ಕೂ ನೇರ ಸಂಬಂಧ ಇಲ್ಲ. ಆದರೂ ರಣಹದ್ದುಗಳನ್ನು ಉಳಿಸಲು ಸರ್ಕಾರ ನಡೆಸುತ್ತಿರುವ ಕಾರ್ಯಕ್ರಮ ಗೆಲ್ಲುತ್ತದೋ ಸೋಲುತ್ತದೋ ಅನ್ನುವುದು ಕಾಡು ಕಾಯುವವರ ಕೈಗಿಂತ ನನ್ನಂಥವರ ಕೈಯಲ್ಲೇ ಜಾಸ್ತಿ ಇದೆ. ಔಷಧಿ ಅಂಗಡಿಯವರ ಕೈಯಲ್ಲಿದೆ. ದನ ಸಾಕುವವರ ಕೈಯಲ್ಲಿದೆ. ಈ ಮಾತನ್ನು ನಮ್ಮ ವೃತ್ತಿಯ ಒಳಗೇ ಎಷ್ಟೋ ಜನ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವನ್ಯಜೀವಿ ರಕ್ಷಣೆ ಅಂದ ತಕ್ಷಣ ನಮಗೆ ಹುಲಿ ಯೋಜನೆ ನೆನಪಾಗುತ್ತದೆ. 1973ರಲ್ಲಿ ಬಂಡೀಪುರವೂ ಸೇರಿ 9 ಕಾಡುಗಳಲ್ಲಿ ಶುರುವಾಯಿತು. ಜಾಗ ಗುರುತಿಸು, ಗಡಿ ಹಾಕು, ಬೇಟೆ ನಿಲ್ಲಿಸು, ಗಾರ್ಡ್‌ಗಳನ್ನು ಇಡು. ಇದು ಸುಲಭದ ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ದಾರಿ ಗೊತ್ತಿತ್ತು. ಹುಲಿಯನ್ನು ಕೊಲ್ಲುತ್ತಿರುವವರು ಯಾರು, ಯಾಕೆ ಕೊಲ್ಲುತ್ತಾರೆ ಅನ್ನುವುದೂ ಗೊತ್ತಿತ್ತು. ರಣಹದ್ದಿನ ವಿಷಯದಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಯಾರೂ ಅವನ್ನು ಬೇಟೆಯಾಡುತ್ತಿರಲಿಲ್ಲ. ಮರ, ಬಂಡೆ, ಸತ್ತ ದನ ಎಲ್ಲವೂ ಇದ್ದ ಹಾಗೇ ಇತ್ತು. ಆದರೂ ಹಕ್ಕಿಗಳು ಸಾಯುತ್ತಿದ್ದವು.

ಮೊದಲು ಗಮನಕ್ಕೆ ಬಂದದ್ದು ರಾಜಸ್ಥಾನದ ಭರತಪುರದಲ್ಲಿ. ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು 1980ರ ದಶಕದಲ್ಲೇ ರಣಹದ್ದಿನ ಗೂಡುಗಳನ್ನು ಎಣಿಸಿದ್ದರು. ತೊಂಬತ್ತರ ದಶಕದ ನಡುವೆ ಮತ್ತೆ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಬಿಳಿ ಬೆನ್ನಿನ ರಣಹದ್ದು ಅಲ್ಲಿ ಗೂಡು ಕಟ್ಟುವುದೇ ನಿಂತುಹೋಯಿತು. ಸಾಯುವ ಮುಂಚೆ ಹಕ್ಕಿಗಳು ಕತ್ತು ಜೋತುಹಾಕಿಕೊಂಡು ಕೊಂಬೆಯ ಮೇಲೆ ಕೂತಿರುತ್ತಿದ್ದವು. ಎಷ್ಟೋ ದಿನ ಹಾಗೇ ಕೂತು, ಕೊನೆಗೆ ಕೆಳಗೆ ಬೀಳುತ್ತಿದ್ದವು. ಏನೋ ಹೊಸ ವೈರಸ್ ಬಂದಿರಬೇಕು ಅಂತ ಎಲ್ಲರೂ ಅಂದುಕೊಂಡರು. 1992ರಿಂದ 2007ರ ನಡುವೆ ನಮ್ಮ ದೇಶದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ಶೇ. 99.9ರಷ್ಟು ಹೋದವು. ಸಾವಿರ ಇದ್ದ ಕಡೆ ಒಂದು ಉಳಿಯಿತು. ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ಸುಮಾರು ಶೇ. 97 ಹೋದವು.

ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಅಮೆರಿಕದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಅವರ ತಂಡ ಅಲ್ಲಿ ಸತ್ತ ರಣಹದ್ದುಗಳನ್ನು ಕೊಯ್ದು ನೋಡಿದಾಗ ಒಂದೇ ದೃಶ್ಯ ಮತ್ತೆ ಮತ್ತೆ ಕಂಡಿತು. ಯಕೃತ್ತು, ಹೃದಯ, ಮೂತ್ರಪಿಂಡದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಪಶುವೈದ್ಯರಿಗೆ ಇದು ಹೊಸದಲ್ಲ. ಕೋಳಿ ಫಾರಂಗಳಲ್ಲಿ ಗೌಟ್ ಬಂದ ಮರಿಗಳನ್ನು ಕೊಯ್ದಾಗ ನಾನೂ ಇದನ್ನು ನೋಡಿದ್ದೇನೆ. ಹೃದಯದ ಸುತ್ತಲಿನ ಪೊರೆಯನ್ನು ಕತ್ತರಿಯಿಂದ ಎತ್ತಿದರೆ ಒಳಗೆ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ಬೆರಳಿಗೆ ಸಣ್ಣ ಮರಳಿನ ಹಾಗೆ ಹತ್ತುತ್ತದೆ. ಅದು ಯೂರಿಕ್ ಆಮ್ಲದ ಹರಳು. ಹಕ್ಕಿಗಳಿಗೆ ನಮ್ಮ ಹಾಗೆ ನೀರಾದ ಮೂತ್ರ ಇಲ್ಲ. ಮೂತ್ರಪಿಂಡ ಕೈಕೊಟ್ಟರೆ ಆ ಕಸವೆಲ್ಲ ರಕ್ತದಲ್ಲೇ ಉಳಿದು ಅಂಗಾಂಗಗಳ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೋಳಿಗಳಲ್ಲಿ ಆಹಾರದ ಹೆಚ್ಚುಕಡಿಮೆಯಿಂದಲೋ ನೀರಿನ ಕೊರತೆಯಿಂದಲೋ ಹೀಗಾಗುತ್ತದೆ. ರಣಹದ್ದಿಗೆ ಯಾಕಾಯಿತು?

ಡೈಕ್ಲೋಫೆನಾಕ್. ನೋವು, ಊತ, ಜ್ವರಕ್ಕೆ ಕೊಡುವ ಔಷಧಿ. ದನಕ್ಕೆ ಕೆಚ್ಚಲು ಬಾವು ಬಂದಾಗ, ಮೂರು ದಿನದ ಜ್ವರ ಬಂದಾಗ, ಕುಂಟುವಾಗ ಊರೂರಲ್ಲಿ ಚುಚ್ಚುತ್ತಿದ್ದದ್ದು ಇದನ್ನೇ. ಅಗ್ಗ, ಬೇಗ ಕೆಲಸ ಮಾಡುತ್ತಿತ್ತು. ದನಕ್ಕೆ ತೊಂದರೆ ಇಲ್ಲ. ಆದರೆ ಚುಚ್ಚಿದ ಒಂದೆರಡು ದಿನದೊಳಗೆ ದನ ಸತ್ತರೆ ಔಷಧಿ ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ನಿಂತುಹೋಗುತ್ತದೆ. ತಂಡದ ಈ ಸಂಶೋಧನೆ 2004ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಲೆಕ್ಕ ಇದೆ. ಅದನ್ನು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸಿಲ್ಲ. ಇಷ್ಟೊಂದು ಹಕ್ಕಿ ಸಾಯಬೇಕಾದರೆ ಎಷ್ಟು ಸತ್ತ ದನಗಳಲ್ಲಿ ಈ ಔಷಧಿ ಇರಬೇಕು? ವಿಜ್ಞಾನಿಗಳು ಲೆಕ್ಕ ಹಾಕಿದಾಗ ಬಂದ ಉತ್ತರ, ಶೇ. 1ಕ್ಕಿಂತ ಕಡಿಮೆ ಇದ್ದರೂ ಸಾಕು. ಯಾಕೆಂದರೆ ರಣಹದ್ದುಗಳು ಗುಂಪಾಗಿ ತಿನ್ನುತ್ತವೆ. ಒಂದು ಹೆಣಕ್ಕೆ ಹತ್ತಾರು ಹಕ್ಕಿ ಇಳಿಯುತ್ತವೆ. ಇವತ್ತು ಇಲ್ಲಿ, ಎರಡು ಮೂರು ದಿನ ಬಿಟ್ಟು ಇನ್ನೆಲ್ಲೋ. ವರ್ಷದಲ್ಲಿ ನೂರು ಹೆಣದಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ಮುಂದೆ ದೇಶದ ಬೇರೆ ಬೇರೆ ಕಡೆ ಸತ್ತ ದನಗಳ ಯಕೃತ್ತನ್ನು ಪರೀಕ್ಷೆ ಮಾಡಿದಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಂದರಲ್ಲಿ ಡೈಕ್ಲೋಫೆನಾಕ್ ಸಿಕ್ಕಿತು. ಸಾಯುವ ಸ್ಥಿತಿಯಲ್ಲಿರುವ ದನಕ್ಕೇ ಅಲ್ವಾ ನಾವು ಕೊನೆಯದಾಗಿ ನೋವಿನ ಸೂಜಿ ಹಾಕುವುದು? ಹೊಲದಂಚಿಗೆ ಹೋಗಿ ಬೀಳುವುದೂ ಅದೇ ದನ.

ಸರ್ಕಾರ ಈ ವಿಷಯದಲ್ಲಿ ಬೇಗ ಹೆಜ್ಜೆ ಇಟ್ಟಿತು. ಇದನ್ನು ಮನಸಾರೆ ಹೇಳುತ್ತೇನೆ. ಸಂಶೋಧನೆ ಬಂದ ಎರಡೇ ವರ್ಷಕ್ಕೆ, 2006ರಲ್ಲಿ, ದನಗಳಿಗೆ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಲಾಯಿತು. ಅದೇ ವರ್ಷ ರಣಹದ್ದುಗಳ ರಕ್ಷಣೆಗೆ ಮೊದಲ ಕ್ರಿಯಾ ಯೋಜನೆ ಬಂತು. 2008ರಲ್ಲಿ ಪ್ರಾಣಿಗಳಿಗೆ ಬಳಸುವುದೇ ನಿಷೇಧವಾಯಿತು. ನೇಪಾಳ ಮತ್ತು ಪಾಕಿಸ್ತಾನವೂ ನಮ್ಮ ಜೊತೆಜೊತೆಗೇ ನಿಷೇಧ ಹೇರಿದವು. ನನ್ನ ಗಮನ ಸೆಳೆದ ಒಂದು ಸಂಗತಿ ಏನೆಂದರೆ, ಈ ಹಕ್ಕಿಗೆ ನಿಜವಾಗಿ ನೆರವಾದದ್ದು 1972ರ ವನ್ಯಜೀವಿ ಕಾಯ್ದೆ ಅಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ. ಅರಣ್ಯ ಇಲಾಖೆಗೂ ಈ ಕಾಯ್ದೆಗೂ ಸಂಬಂಧವೇ ಇಲ್ಲ. ಆದೇಶ ಬರುವುದು ಆರೋಗ್ಯ ಸಚಿವಾಲಯದಿಂದ. ಅದನ್ನು ಜಾರಿ ಮಾಡುವವರು ಡ್ರಗ್ ಇನ್‌ಸ್ಪೆಕ್ಟರ್‌ಗಳು. ಅವರಲ್ಲಿ ಎಷ್ಟು ಜನ ರಣಹದ್ದನ್ನು ಕಣ್ಣಾರೆ ನೋಡಿರುತ್ತಾರೆ?

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಈ ನಿಷೇಧ ಬಂದಾಗಿತ್ತು. ಆದರೆ ಡೈಕ್ಲೋಫೆನಾಕ್ ಹೋಗಿರಲಿಲ್ಲ. ಮನುಷ್ಯರಿಗೆ ಅದು ಇವತ್ತಿಗೂ ಸಿಗುತ್ತದೆ, ಸಿಗಬೇಕಾದದ್ದೇ. ತೊಂದರೆ ಇದ್ದದ್ದು ಬಾಟಲಿಯ ಗಾತ್ರದಲ್ಲಿ. ಮನುಷ್ಯರಿಗೆ ಒಂದು ಸಲಕ್ಕೆ 3 ಮಿಲಿ ಇಂಜೆಕ್ಷನ್ ಸಾಕು. ಅಂಗಡಿಗಳಲ್ಲಿ ಸಿಗುತ್ತಿದ್ದದ್ದು 30 ಮಿಲಿಯ ಬಾಟಲಿ. ಹಸುವಿಗೆ ಕಿಲೋ ತೂಕಕ್ಕೆ 1 ಮಿಲಿಗ್ರಾಂ ಲೆಕ್ಕ ಹಾಕುತ್ತಿದ್ದರು. 350 ಕಿಲೋ ಹಸುವಿಗೆ 350 ಮಿಲಿಗ್ರಾಂ. ಒಂದು ಮಿಲಿಯಲ್ಲಿ 25 ಮಿಲಿಗ್ರಾಂ ಇದ್ದರೆ 14 ಮಿಲಿ ಬೇಕು. 30 ಮಿಲಿ ಬಾಟಲಿ ಒಂದು ಹಸುವಿಗೆ ಎರಡು ದಿನಕ್ಕೆ ಸರಿಹೋಗುತ್ತದೆ. ಬಾಟಲಿಯ ಮೇಲೆ ಮನುಷ್ಯರಿಗೆ ಅಂತ ಬರೆದಿದ್ದರೂ ಅದು ಹೋಗುತ್ತಿದ್ದದ್ದು ಕೊಟ್ಟಿಗೆಗೆ.

2015ರಲ್ಲಿ ಸರ್ಕಾರ ಈ ದೊಡ್ಡ ಬಾಟಲಿಗಳನ್ನೂ ನಿಲ್ಲಿಸಿತು. ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ ಒಂದೇ ಡೋಸಿನ, 3 ಮಿಲಿಯ ಪ್ಯಾಕಿನಲ್ಲಿ ಮಾತ್ರ ಬರಬೇಕು ಅಂತ ಆದೇಶ ಮಾಡಿತು. ಔಷಧಿ ಕಂಪನಿಗಳು ಮದ್ರಾಸ್ ಹೈಕೋರ್ಟಿಗೆ ಹೋದವು. 2017ರಲ್ಲಿ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಈಗ ಹಸುವಿಗೆ ಕದ್ದುಮುಚ್ಚಿ ಚುಚ್ಚಬೇಕಾದರೆ ಒಂದು ಸಲಕ್ಕೆ ಐದು ಪುಟ್ಟ ಆಂಪ್ಯೂಲ್ ಒಡೆಯಬೇಕು. ಒಂದೊಂದರ ಕತ್ತು ಮುರಿದು, ಒಂದೊಂದನ್ನೂ ಸಿರಿಂಜಿಗೆ ಎಳೆದುಕೊಂಡು, ಒದೆಯುವ ಹಸುವಿನ ಪಕ್ಕ ನಿಂತುಕೊಂಡು. ಆಗುವುದೇ ಇಲ್ಲ ಅಂತಲ್ಲ. ಆದರೆ ಯಾರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಬರೀ ಪ್ಯಾಕಿನ ಗಾತ್ರ ಬದಲಾಯಿಸಿ ಇಷ್ಟು ಕೆಲಸ ಸಾಧಿಸಿದ ಆದೇಶ ನನಗೆ ಬೇರೆ ಗೊತ್ತಿಲ್ಲ. ಅದನ್ನು ಯೋಚಿಸಿದವರಿಗೆ ಕೊಟ್ಟಿಗೆಯ ಕೆಲಸ ಚೆನ್ನಾಗಿ ಗೊತ್ತಿತ್ತು ಅಂತ ಅನ್ನಿಸುತ್ತದೆ.

ಡೈಕ್ಲೋಫೆನಾಕ್ ಬದಲು ನಾವು ಬಳಸುವುದು ಮೆಲಾಕ್ಸಿಕಾಂ. ಅದನ್ನು ರಣಹದ್ದುಗಳಿಗೇ ಕೊಟ್ಟು ಪರೀಕ್ಷೆ ಮಾಡಿ, ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಂಡಿದ್ದಾರೆ. ಹಳ್ಳಿಯಲ್ಲಿ ಕೇಳುವ ದೂರು ಒಂದೇ. ಕೆಚ್ಚಲು ಬಾವು ಬಂದ ಹಸುವಿನ ಮುಂದೆ ಕೂತು ಹಿರಿಯರೊಬ್ಬರು ನನಗೆ ಹೇಳಿದ್ದರು:

"ಮೇಡಂ, ಹಿಂದೆ ಒಂದು ಸೂಜಿ ಹಾಕ್ತಿದ್ರು, ಸಂಜೆಗೆಲ್ಲ ಎದ್ದು ಮೇವು ತಿಂತಿತ್ತು. ನಿಮ್ದು ಯಾಕೋ ನಿಧಾನ."

"ಯಜಮಾನ್ರೇ, ಆ ಸೂಜಿಯಿಂದ ನೋವು ಬೇಗ ಹೋಗ್ತಿತ್ತು, ಬಾವು ಹೋಗ್ತಿರಲಿಲ್ಲ. ಬಾವಿಗೆ ಬೇರೆ ಔಷಧಿ ಕೊಟ್ಟಿದೀನಿ. ಎರಡು ದಿನ ನೋಡಿ. ಹೊತ್ತು ಹೊತ್ತಿಗೆ ಹಾಲು ಪೂರ್ತಿ ಹಿಂಡಿ ಹೊರಗೆ ಚೆಲ್ಲಿ, ಕೆಚ್ಚಲಲ್ಲಿ ಉಳಿಸಬೇಡಿ."

ಅವರು ಒಪ್ಪಿದರು. ಆಮೇಲೆ ರಣಹದ್ದಿನ ಕಥೆ ಹೇಳಿದೆ. ಅವರಿಗೆ ಅದು ಹೊಸ ಹಕ್ಕಿ ಏನಲ್ಲ. ಚಿಕ್ಕಂದಿನಲ್ಲಿ ಸತ್ತ ಎತ್ತನ್ನು ಹಳ್ಳದ ಹತ್ತಿರ ಹಾಕಿದರೆ ಮಾರನೇ ದಿನಕ್ಕೆ ಬರೀ ಮೂಳೆ ಉಳಿಯುತ್ತಿತ್ತು, ಅದನ್ನು ನೋಡಲು ಹುಡುಗರೆಲ್ಲ ಓಡುತ್ತಿದ್ದೆವು ಅಂದರು. ರೈತರಿಗೆ ಈ ವಿಷಯ ಅರ್ಥ ಮಾಡಿಸುವುದು ಕಷ್ಟ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅರವತ್ತು ದಾಟಿದ ಯಾರನ್ನೇ ಕೇಳಿ, ಈ ಹಕ್ಕಿ ಏನು ಕೆಲಸ ಮಾಡುತ್ತಿತ್ತು ಅಂತ ಅವರೇ ನಮಗೆ ಹೇಳುತ್ತಾರೆ.

ಕಷ್ಟ ಇರುವುದು ಬೇರೆ ಕಡೆ. ಡೈಕ್ಲೋಫೆನಾಕ್ ಹೋದ ಜಾಗಕ್ಕೆ ಅದರ ಅಣ್ಣತಮ್ಮಂದಿರು ಬಂದರು. ಕೀಟೊಪ್ರೊಫೆನ್ ರಣಹದ್ದಿಗೆ ವಿಷ ಅಂತ 2009ರ ಸುಮಾರಿಗೇ ಗೊತ್ತಾಗಿತ್ತು. ಅಸಿಕ್ಲೋಫೆನಾಕ್ ಅಂತೂ ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅಂದರೆ ನಿಷೇಧಿಸಿದ ಔಷಧಿಯನ್ನೇ ಬೇರೆ ಹೆಸರಿನ ಬಾಟಲಿಯಲ್ಲಿ ಮಾರಿದ ಹಾಗಾಯಿತು. ಇವೆರಡನ್ನೂ ದನಗಳಿಗೆ ನಿಷೇಧಿಸಿದ್ದು 2023ರಲ್ಲಿ. ಬಾಂಗ್ಲಾದೇಶ 2021ರಲ್ಲೇ ಕೀಟೊಪ್ರೊಫೆನ್ ನಿಷೇಧಿಸಿತ್ತು. ನಿಮೆಸುಲೈಡ್ ಸರದಿ ಬಂದದ್ದು 2024ರ ಕೊನೆಗೆ. ಡೈಕ್ಲೋಫೆನಾಕ್ ವಿಷಯದಲ್ಲಿ ಎರಡು ವರ್ಷದಲ್ಲಿ ಎದ್ದು ನಿಂತ ವ್ಯವಸ್ಥೆ ಉಳಿದವಕ್ಕೆ ಹತ್ತು ವರ್ಷಕ್ಕೂ ಮೇಲೆ ತೆಗೆದುಕೊಂಡದ್ದು ನನಗೆ ತುಂಬ ಬೇಸರ ತರುತ್ತದೆ. ಆ ವರ್ಷಗಳಲ್ಲಿ ಔಷಧಿ ಕಂಪನಿಗಳ ಪ್ರತಿನಿಧಿಗಳು ಬಂದು ಈ ಔಷಧಿಗಳ ಸ್ಯಾಂಪಲ್ ಕೊಡುತ್ತಲೇ ಇದ್ದರು. ಎಲ್ಲವೂ ಕಾನೂನುಬದ್ಧವಾಗಿಯೇ ನಡೆಯುತ್ತಿತ್ತು.

ಈಗ ಗಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಉದ್ದ ಕೊಕ್ಕಿನ ರಣಹದ್ದು ಅಲ್ಲಿನ ಕಡಿದಾದ ಬಂಡೆಗಳ ಸಂದಿಯಲ್ಲಿ ಗೂಡು ಮಾಡುತ್ತದೆ. ಬಂಡೆ ಹತ್ತುವವರ ಗಲಾಟೆ, ಕಲ್ಲುಗಣಿಯ ಸ್ಫೋಟ ಇವುಗಳಿಂದ ಗೂಡಿಗೆ ರಕ್ಷಣೆ ಬೇಕೇ ಬೇಕು. ಹಾಗಾಗಿ ಧಾಮ ಆದದ್ದು ಒಳ್ಳೆಯದೇ. ಆದರೆ ಅದರ ವಿಸ್ತಾರ ಸುಮಾರು 346 ಹೆಕ್ಟೇರ್. ಅಂದರೆ ಮೂರೂವರೆ ಚದರ ಕಿಲೋಮೀಟರ್. ರಣಹದ್ದು ಬೆಳಿಗ್ಗೆ ಗಾಳಿ ಬಿಸಿಯಾಗುವುದನ್ನು ಕಾದು ಮೇಲೇರಿದರೆ ರೆಕ್ಕೆ ಬಡಿಯದೆ ಹತ್ತಾರು ಕಿಲೋಮೀಟರ್ ತೇಲಿಕೊಂಡು ಹೋಗುತ್ತದೆ. ಅದಕ್ಕೇ ಗೂಡಿನ ಸುತ್ತ 100 ಕಿಲೋಮೀಟರ್‌ವರೆಗೆ ವಿಷ ಔಷಧಿ ಇಲ್ಲದ ಹಾಗೆ ನೋಡಿಕೊಳ್ಳಬೇಕು ಅನ್ನುವುದು ಸುರಕ್ಷಿತ ವಲಯದ ಲೆಕ್ಕ. ಅದು 31,000 ಚದರ ಕಿಲೋಮೀಟರಿಗೂ ಜಾಸ್ತಿ. ರಾಮನಗರದಿಂದ ಆ ವೃತ್ತ ಎಳೆದರೆ ಬೆಂಗಳೂರು, ಮಂಡ್ಯ, ತುಮಕೂರು, ಮೈಸೂರು ಎಲ್ಲ ಒಳಗೆ ಬರುತ್ತವೆ. ತಮಿಳುನಾಡಿನ ಒಂದು ಭಾಗವೂ ಬರುತ್ತದೆ. ಅಷ್ಟು ಜಾಗಕ್ಕೆ ಯಾವ ಬೇಲಿ ಹಾಕಲು ಸಾಧ್ಯ? ಅಲ್ಲಿನ ಒಂದೊಂದು ಪಶು ಆಸ್ಪತ್ರೆಯಲ್ಲಿ, ಒಂದೊಂದು ಔಷಧಿ ಅಂಗಡಿಯ ಕಪಾಟಿನಲ್ಲಿ ಏನಿದೆ ಅನ್ನುವುದೇ ಬೇಲಿ.

ದಕ್ಷಿಣದಲ್ಲಿ ಇನ್ನೂ ಒಂದಿಷ್ಟು ರಣಹದ್ದು ಉಳಿದಿರುವ ಜಾಗ ನೀಲಗಿರಿಯ ಪಕ್ಕದ ಮೋಯಾರ್ ಕಣಿವೆ, ಅದಕ್ಕೆ ಹೊಂದಿಕೊಂಡ ಬಂಡೀಪುರ, ವಯನಾಡು. ಅಲ್ಲಿನ ಹಕ್ಕಿಗಳಿಗೆ ಹುಲಿ, ಕೆನ್ನಾಯಿ ಕೊಂದು ಬಿಟ್ಟ ಜಿಂಕೆ, ಕಾಟಿಯ ಮಾಂಸ ಸಿಗುತ್ತದೆ. ಆ ಮಾಂಸದಲ್ಲಿ ಯಾವ ಔಷಧಿಯೂ ಇರುವುದಿಲ್ಲ. ಹುಲಿ ಯೋಜನೆಯ ಫಲ ರಣಹದ್ದಿಗೂ ಸಿಕ್ಕಿದೆ ಅಂತ ನಾನು ಹೇಳುವುದು ಇದಕ್ಕೇ. ಆದರೆ ಕಾಡಂಚಿನಲ್ಲಿ ಇನ್ನೊಂದು ಅಪಾಯ ಇದೆ. ಹಸು ಹಿಡಿದ ಚಿರತೆಯ ಮೇಲಿನ ಸಿಟ್ಟಿಗೋ, ಕುರಿ ಕಚ್ಚುವ ನಾಯಿಗಳ ಕಾಟಕ್ಕೋ ಹೆಣಕ್ಕೆ ವಿಷ ಹಾಕುತ್ತಾರೆ. 2022ರ ಮಾರ್ಚ್‌ನಲ್ಲಿ ಅಸ್ಸಾಂನ ಛಾಯಗಾಂವ್ ಹತ್ತಿರ ಹೀಗೇ ವಿಷ ಬೆರೆತ ಮೇಕೆಯ ಹೆಣ ತಿಂದು ನೂರರ ಹತ್ತಿರ ರಣಹದ್ದುಗಳು ಒಂದೇ ಕಡೆ ಸತ್ತವು. ಕಾಡುಪ್ರಾಣಿ ಕೊಂದ ದನಕ್ಕೆ ಪರಿಹಾರ ಬೇಗ ಕೈಗೆ ಸಿಕ್ಕರೆ ಈ ವಿಷದ ಅರ್ಧ ಕಥೆ ಮುಗಿಯುತ್ತದೆ. ಸತ್ತ ದನದ ಪೋಸ್ಟ್‌ಮಾರ್ಟಂ ವರದಿ ಬರೆದುಕೊಡುವುದು ನಮ್ಮ ಕೆಲಸ. ಅದನ್ನು ತಡ ಮಾಡದೆ ಕೊಡುವುದನ್ನೂ ನಾನು ರಣಹದ್ದಿನ ಕೆಲಸ ಅಂತಲೇ ತಿಳಿದಿದ್ದೇನೆ.

ಇನ್ನು ಮರಿ ಮಾಡಿಸುವ ಕೇಂದ್ರಗಳು. ಹರಿಯಾಣದ ಪಿಂಜೋರ್‌ನಲ್ಲಿ 2001ರಲ್ಲಿ ಶುರುವಾದದ್ದು ಮೊದಲನೆಯದು. ಆಮೇಲೆ ಪಶ್ಚಿಮ ಬಂಗಾಳದ ರಾಜಾಭಟ್‌ಖಾವಾ, ಅಸ್ಸಾಂನ ರಾಣಿ, ಮಧ್ಯಪ್ರದೇಶದ ಭೋಪಾಲ್. ರಾಜ್ಯ ಸರ್ಕಾರಗಳ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸೇರಿ ಇವನ್ನು ನಡೆಸುತ್ತಿದೆ. ಇದು ಎಷ್ಟು ನಿಧಾನದ ಕೆಲಸ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೇ ಮೊಟ್ಟೆ ಇಡಲು ಐದು ವರ್ಷದ ಹತ್ತಿರ ಬೇಕು. ಕೇಂದ್ರದವರು ಮೊದಲ ಮೊಟ್ಟೆಯನ್ನು ತೆಗೆದು ಯಂತ್ರದಲ್ಲಿ ಕಾವು ಕೊಡುತ್ತಾರೆ. ಆಗ ಜೋಡಿ ಇನ್ನೊಂದು ಮೊಟ್ಟೆ ಇಡುತ್ತದೆ. ಹೀಗೆ ವರ್ಷಕ್ಕೆ ಎರಡು ಮರಿ ಆಗಬಹುದು. ಅವಕ್ಕೆ ಹಾಕುವ ಮೇಕೆಗಳನ್ನೂ ತಂದ ದಿನವೇ ಕಡಿಯುವುದಿಲ್ಲ. ಕೆಲವು ದಿನ ಇಟ್ಟುಕೊಂಡು, ಮೈಯಲ್ಲಿ ಯಾವ ಔಷಧಿಯೂ ಉಳಿದಿಲ್ಲ ಅಂತ ಆದ ಮೇಲೆಯೇ ಹಾಕುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಪಿಂಜೋರ್ ಪಕ್ಕದ ಕಾಡಿನಲ್ಲಿ 8 ಬಿಳಿ ಬೆನ್ನಿನ ರಣಹದ್ದುಗಳನ್ನು ಬಿಟ್ಟರು. 2024ರ ಜನವರಿಯಲ್ಲಿ ಮಹಾರಾಷ್ಟ್ರದ ತಾಡೋಬಾ ಮತ್ತು ಪೆಂಚ್‌ಗೆ ಪಿಂಜೋರ್‌ನಿಂದ ಹಕ್ಕಿಗಳನ್ನು ಒಯ್ದರು. ಇಪ್ಪತ್ತು ವರ್ಷದ ದುಡಿಮೆಗೆ ಆಕಾಶಕ್ಕೆ ಮರಳಿದ್ದು ಕೈಬೆರಳೆಣಿಕೆಯಷ್ಟು ಹಕ್ಕಿ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊರಗೆ ವಿಷ ಇರುವಾಗ ಅವಸರಕ್ಕೆ ಬಿಟ್ಟಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ಇದಕ್ಕೆಲ್ಲ ಖರ್ಚು ಯಾಕೆ ಅಂತ ಕೇಳುವವರಿಗೆ ನನ್ನ ಕೆಲಸದಿಂದಲೇ ಉತ್ತರ ಹೇಳುತ್ತೇನೆ. ಹುಚ್ಚುನಾಯಿ ಕಚ್ಚಿದ ಹಸುವನ್ನು ನೀವು ನೋಡಿರಲಿಕ್ಕಿಲ್ಲ. ಗಂಟಲು ಕಟ್ಟಿ ಬೇರೆಯೇ ದನಿಯಲ್ಲಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ಗೂಟ ಕೀಳುವ ಹಾಗೆ ಎಗರುತ್ತದೆ. ಒಮ್ಮೆ ಆ ಲಕ್ಷಣ ಬಂತೆಂದರೆ ನಾವು ಮಾಡುವುದು ಏನೂ ಇಲ್ಲ. ಮನೆಯವರನ್ನೆಲ್ಲ ಲಸಿಕೆಗೆ ಕಳಿಸುವುದೊಂದೇ ದಾರಿ. ರಣಹದ್ದು ಹೋದ ಮೇಲೆ ಹೆಣಗಳೆಲ್ಲ ನಾಯಿಗಳ ಪಾಲಾದವು, ನಾಯಿ ಹೆಚ್ಚಾದವು, ಕೊಳೆತ ಹೆಣ ನೀರಿಗೆ ಸೇರಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಅನ್ನುವ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಣಹದ್ದು ಇದ್ದ ಜಿಲ್ಲೆಗಳನ್ನೂ ಮೊದಲಿಂದ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿದ್ದಾರೆ. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತಿರುವುದಕ್ಕೆ ರಣಹದ್ದುಗಳ ನಾಶವೇ ಕಾರಣ ಅನ್ನುವುದು ಅವರ ಲೆಕ್ಕ.

2020ರಿಂದ 2025ರವರೆಗಿನ ಎರಡನೇ ಕ್ರಿಯಾ ಯೋಜನೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ಒಂದು ಸಾಲಿದೆ. ಒಂದು ಔಷಧಿ ರಣಹದ್ದಿಗೆ ವಿಷ ಅಂತ ಸಾಬೀತಾದರೆ ಅದು ದನಗಳ ಔಷಧಿ ಪಟ್ಟಿಯಿಂದ ತಾನಾಗಿಯೇ ಹೊರಗೆ ಹೋಗುವ ವ್ಯವಸ್ಥೆ ಆಗಬೇಕು ಅಂತ. ಪ್ರತಿಯೊಂದಕ್ಕೂ ಬೇರೆ ಬೇರೆ ಹತ್ತು ವರ್ಷ ಕಾಯುವುದು ಆಗ ತಪ್ಪುತ್ತದೆ. ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಹೊಸ ಮರಿ ಕೇಂದ್ರ ಆಗಬೇಕು ಅಂತಲೂ ಅದರಲ್ಲಿದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ. ಸಾಬೀತಾಗುವವರೆಗೂ ಕಾಯುವುದೇಕೆ? ದನಕ್ಕೆ ಹೊಸ ನೋವಿನ ಔಷಧಿ ಬರುವ ಮುಂಚೆಯೇ ರಣಹದ್ದಿಗೆ ಅದು ಸುರಕ್ಷಿತ ಅಂತ ಕಂಪನಿ ತೋರಿಸಲಿ. ಪರೀಕ್ಷೆ ಮಾಡುವ ವಿಧಾನ ನಮ್ಮಲ್ಲೇ ಇದೆ. ಟಾಲ್ಫೆನಾಮಿಕ್ ಆಸಿಡ್ ಸುರಕ್ಷಿತ ಅಂತ ನಮ್ಮ ದೇಶದ ವಿಜ್ಞಾನಿಗಳೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹಾಗಾಗಿ ಈಗ ನಮಗೆ ಮೆಲಾಕ್ಸಿಕಾಂ ಒಂದೇ ಅಲ್ಲ, ಎರಡು ಔಷಧಿ ಇವೆ. ಫ್ಲೂನಿಕ್ಸಿನ್ ಅನ್ನುವ ಇನ್ನೊಂದು ನೋವಿನ ಔಷಧಿಯ ಬಗ್ಗೆ ಅನುಮಾನ ಹಾಗೇ ಉಳಿದಿದೆ. ನನ್ನ ಚೀಲದಲ್ಲಿ ಅದಕ್ಕೆ ಜಾಗ ಇಲ್ಲ.

ನಿಮ್ಮ ಮನೆಯಲ್ಲಿ ದನ ಇದ್ದರೆ, ಯಾರೇ ಬಂದು ಸೂಜಿ ಹಾಕಲಿ, ಬಾಟಲಿ ಕೈಗೆ ತೆಗೆದುಕೊಂಡು ಹೆಸರು ಓದಿ. ಬ್ರ್ಯಾಂಡ್ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಕೀಟೊಪ್ರೊಫೆನ್, ನಿಮೆಸುಲೈಡ್ ಇದ್ದರೆ ಬೇಡ ಅನ್ನಿ. ಮೆಲಾಕ್ಸಿಕಾಂ ಕೇಳಿ. ಚಿಕಿತ್ಸೆ ನಡೆಯುತ್ತಿರುವಾಗಲೇ ದನ ಸತ್ತರೆ ಬಯಲಿಗೆ ಹಾಕಬೇಡಿ, ಆಳವಾಗಿ ಗುಂಡಿ ತೆಗೆದು ಹೂಳಿ. ಯಾವ ಔಷಧಿ ಕೊಟ್ಟಿದ್ದರು ಅಂತ ಗೊತ್ತಿಲ್ಲದಿದ್ದರೂ ಹೂಳುವುದೇ ಸರಿ. ಅಂಗಡಿಯಲ್ಲಿ ಈ ಔಷಧಿಗಳನ್ನು ದನಕ್ಕೆ ಅಂತ ಕೊಟ್ಟರೆ ಬಿಲ್ ತೆಗೆದುಕೊಂಡು ನಿಮ್ಮ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಡಿ. ಬಿಲ್ ಇದ್ದರೆ ದೂರಿಗೆ ಬಲ ಬರುತ್ತದೆ.